ಮೂರನೆಯ ಪ್ಲೇಟು

ಕತೆಗಾರ ಹುಟ್ಟುವುದು ಹೇಗೆಂದು ಯಾರಾದರೂ ಕೇಳಿದರೆ ಪ್ರತಿಭೆ, ಅಭ್ಯಾಸ, ಜೀವನಾನುಭವ ಎಂದೆಲ್ಲ ಹೇಳುವ ದೊಡ್ಡವರಿದ್ದಾರೆ. ನಾನು ಕತೆಗಾರನಾದದ್ದು ಗ್ರಾಮಫೋನಿನ ಪ್ಲೇಟಿನ ಮೇಲೆ ಕುಳಿತಿದ್ದರಿಂದ. ಆಗ ನನಗೆ ಹನ್ನೊಂದು ವರ್ಷ. ನನ್ನನ್ನು ಸಾಕಿದ ಸೋದರತ್ತೆ ಗೌರತ್ತೆಗೆ ಅವಳ ಗಂಡ ಬಿಟ್ಟುಹೋದ ಆಸ್ತಿಯೆಂದರೆ ಕೈಯಿಂದ ಕೀಲಿ ಕೊಡುವ ಒಂದು ಗ್ರಾಮಫೋನು ಮತ್ತು ಐದು ಪ್ಲೇಟುಗಳ ಒಂದು ನಾಟಕ. ಒಂದು ದಿನ ಊಟಕ್ಕೆಂದು ನನ್ನ ಚಾಪೆಯ ಮೇಲೆ ಧಪ್ಪನೆ ಕುಳಿತೆ. ಅಡಿಯಲ್ಲಿ ಏನೋ ಹಪ್ಪಳದ ಹಾಗೆ ಸದ್ದು ಮಾಡಿತು. ಎತ್ತಿ ನೋಡಿದರೆ ಮೂರನೆಯ ಪ್ಲೇಟು, ನಾಲ್ಕು ಚೂರು.

ನಾಟಕದ ಕತೆ ಇಷ್ಟೆ. ಚಾಡಿಮಾತು ಕೇಳಿ ರಾಜ ರಾಣಿಯನ್ನು ಕಾಡಿಗೆ ಅಟ್ಟುತ್ತಾನೆ. ಎರಡನೆಯ ಪ್ಲೇಟು ಮುಗಿಯುವಾಗ ರಾಣಿ ನದಿಯ ಅಂಚಿನಲ್ಲಿ ನಿಂತು ಅಳುತ್ತಿರುತ್ತಾಳೆ. ನಾಲ್ಕನೆಯದು ಶುರುವಾಗುವಾಗ ಅರಮನೆಯಲ್ಲಿ ವಾದ್ಯ, ಅದೇ ರಾಣಿ ನಗುತ್ತಿರುತ್ತಾಳೆ. ನಡುವೆ ಅವಳು ರಾಜನನ್ನು ಕ್ಷಮಿಸಿದ್ದು ಹೇಗೆ ಎಂಬುದೆಲ್ಲ ನನ್ನ ಅಡಿಯಲ್ಲಿ ಚೂರಾಗಿತ್ತು. ನಾನು ಆ ಮನೆಗೆ ಬಂದು ವಾರವಷ್ಟೇ ಆಗಿತ್ತು, ನಾಟಕ ಹಾಕಿದಾಗಲೆಲ್ಲ ಎರಡನೆಯ ಪ್ಲೇಟಿಗೆ ನಿದ್ದೆ ಹೋಗಿ ನಾಲ್ಕನೆಯದರ ವಾದ್ಯಕ್ಕೆ ಏಳುತ್ತಿದ್ದೆ. ಏಟು ತಪ್ಪಿಸಿಕೊಳ್ಳಲು, "ಅದ್ರಲ್ಲಿ ಇದ್ದಿದ್ದು ಆನು ಹೇಳ್ತೆ ಅತ್ತೆ" ಎಂದು ಎದ್ದು ನಿಂತೆ. ವೇಷವಿಲ್ಲದೆ ಕುಳಿತು, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ಕತೆ ನಡೆಸುವ ತಾಳಮದ್ದಳೆಯನ್ನು ಕೇಳುತ್ತ ಬೆಳೆಯುವ ಸೀಮೆ ನಮ್ಮದು. ಮಾತಿಗೆ ಬರವಿರಲಿಲ್ಲ. ಒಂದು ಮೊಸಳೆ ತಂದೆ, ರಾಜನಿಂದ ಅದನ್ನು ಕೊಲ್ಲಿಸಿದೆ, ರಾಣಿ ಕ್ಷಮಿಸಿದಳು. ಅತ್ತೆ ನಾಲ್ಕನೆಯ ಪ್ಲೇಟು ಹಾಕಿದಳು.

ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಪದ್ಧತಿ. ಎರಡನೆಯ ಪ್ಲೇಟು ನಿಂತ ಕೂಡಲೇ ಅತ್ತೆ, "ತಮಾ, ಎದ್ದು ನಿಂತ್ಕ" ಎನ್ನುತ್ತಾಳೆ, ನಾನು ನಿಲ್ಲುತ್ತೇನೆ. ನಾನು ಕಾಲೇಜಿನ ಮುಖ ನೋಡಿ ಬಂದ ವರ್ಷ ಮೊಸಳೆ ಹೋಯಿತು, ಬೆಳದಿಂಗಳು ಬಂತು. ಮದುವೆಯಾದ ಮೇಲೆ ರಾಜ ಒಂದರ ಬದಲು ಮೂರು ಸಲ ಕ್ಷಮೆ ಕೇಳತೊಡಗಿದ. ಪ್ಲೇಟಿನಲ್ಲಿ ಇದ್ದದ್ದು ಆರು ನಿಮಿಷ, ನನ್ನದು ಅರ್ಧ ಗಂಟೆಗೆ ಬೆಳೆದಿತ್ತು. ಅತ್ತೆ ಕಣ್ಣು ಮುಚ್ಚಿ ಕೇಳಿ, ಕೊನೆಗೆ ತೀರ್ಪು ಕೊಡುತ್ತಿದ್ದಳು: "ರಾಣಿ ಇವತ್ತು ಬೇಗ ಸೋತು ಹೋತು. ಮುಂದಿನ ಸಲ ರಾಜನ್ನ ಇನ್ನೊಂಚೂರು ಕಾಯ್ಸು."

ಇಪ್ಪತ್ತೈದು ವರ್ಷ ಹೀಗೆ ಕಾಯಿಸಿದ ಮೇಲೆ, ಇದನ್ನೇ ಬರೆದು ಮಾಸಪತ್ರಿಕೆಗೆ ಯಾಕೆ ಕಳಿಸಬಾರದು ಎನ್ನಿಸಿತು. ಸಿದ್ದಾಪುರದ ಕಚೇರಿಯಲ್ಲಿ ನಾನು ಕಾರಕೂನ. ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಮೇಲೆ ಹಳೆಯ ನಮೂನೆಯ ಫಾರಮುಗಳು ರಾಶಿ ರಾಶಿ ಬೇಡವಾಗಿದ್ದವು, ಅವುಗಳ ಬೆನ್ನ ಮೇಲೆ ನನ್ನ ಸಾಹಿತ್ಯ ನಡೆಯುತ್ತಿತ್ತು. ಆದರೆ ಅಂಚೆಗೆ ಹಾಕಲು ಸಿರ್ಸಿಗೇ ಹೋಗಬೇಕು. ನಮ್ಮೂರಿನ ಪೋಸ್ಟಮಾಸ್ತರರು ನನ್ನ ಲಕೋಟೆ ಕಂಡರೆ, "ಇದು ಎಷ್ಟು ದಿನಕ್ಕೆ ವಾಪಸ್ಸು ಬತ್ತು?" ಎಂದು ಕೇಳುವವರು.

ರಜೆಯ ಒಂದು ದಿನ ಹೊರಟೆ. ಹೆಂಡತಿ ಜಾನಕಿ ಮೆಟ್ಟಿಲವರೆಗೆ ಬಂದು ಪಟ್ಟಿ ಹೇಳಿದಳು: "ಕೊಡೆ ರಿಪೇರಿ, ಕಾಪಿ ಪುಡಿ, ಲಾಟೀನಿನ ಗ್ಲಾಸು. ಬರೀ ಕತೆ ತಕಂಡು ಬರಡಿ." ಒಳಗಿನಿಂದ ಅತ್ತೆ ನಶ್ಯ ಮತ್ತು ಗ್ರಾಮಫೋನಿನ ಮುಳ್ಳು ಸೇರಿಸಿದಳು. ಬಸ್ಸಿನ ಕಿಟಕಿಗೆ ತಲೆಯಿಟ್ಟು ರಾಣಿಯನ್ನು ನೆನೆಯುತ್ತ ಕುಳಿತವನಿಗೆ ಸಿರ್ಸಿ ಬಂದದ್ದೇ ತಿಳಿಯಲಿಲ್ಲ. ಕೊಡೆ ಆಯಿತು, ಕಾಫಿ ಪುಡಿ, ನಶ್ಯ, ಗ್ಲಾಸು ಆಯಿತು. ಲಕೋಟೆ ಕೈಯಲ್ಲಿ ಹಿಡಿದೇ ಹುಸೇನ್ ಸಾಹೇಬರ ಅಂಗಡಿಗೆ ಮುಳ್ಳಿಗೆಂದು ಹೋದೆ. ಗ್ಯಾಸಲೈಟು, ಗಡಿಯಾರ, ಗ್ರಾಮಫೋನು ಎಲ್ಲವನ್ನೂ ಅವರು ರಿಪೇರಿ ಮಾಡುತ್ತಾರೆ. ಅಂಚೆ ಡಬ್ಬಿ ಅಲ್ಲೇ ಎದುರಿಗೆ.

"ಬನ್ನಿ ಕಾರಕೂನರೇ, ಯಲ್ಲಾಪುರದಿಂದ ಪುರಾನಾ ಪ್ಲೇಟು ಒಂದು ಕಟ್ಟು ಬಂದಿದೆ, ನೋಡಿ ಹೋಗಿ" ಎಂದರು ಸಾಹೇಬರು. ನೋಡಿದೆ. ಮೇಲಿನಿಂದ ಏಳನೆಯದು ನಮ್ಮ ನಾಟಕ. ಮೂರನೆಯ ಪ್ಲೇಟು.

ಆ ಪ್ಲೇಟಿನಲ್ಲೂ ರಾಜ ಮೂರು ಸಲ ಕ್ಷಮೆ ಕೇಳಿದ್ದರೆ ನನ್ನ ಕತೆ ಕಳ್ಳಮಾಲು. ನನಗಿಂತ ಚೆನ್ನಾಗಿ ಕೇಳಿದ್ದರಂತೂ ಮುಂದೆ ಮನೆಯಲ್ಲಿ ಯಾವ ಮುಖ ಹೊತ್ತು ಎದ್ದು ನಿಲ್ಲಲಿ? "ಹಚ್ಚಿ ಸಾಹೇಬರೇ" ಎಂದೆ.

ಒಂದು ಮಗ್ಗುಲಿನಲ್ಲಿ ರಾಜನ ಆಳು ಮತ್ತು ಅಡಿಗೆಯವ ವಡೆ ತಿಂದವರು ಯಾರೆಂದು ಜಗಳವಾಡಿದರು. ಇನ್ನೊಂದು ಮಗ್ಗುಲಿನಲ್ಲಿ ಆಳು ವಡೆಯ ಮೇಲೆ ಒಂದು ಹಾಡು ಹೇಳಿದ. ಮುಗಿಯಿತು. ರಾಣಿಯ ಸುದ್ದಿಯೇ ಇಲ್ಲ, ನದಿಯೂ ಇಲ್ಲ. ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಇಂಥ ತಮಾಷೆ ಈಗ ಎಲ್ಲಿ ಸಿಗತ್ತೆ?" ಎಂದರು.

ಲಕೋಟೆಯನ್ನು ಡಬ್ಬಿಗೆ ಹಾಕುವಾಗ ಎದೆ ಹಿಗ್ಗಿತ್ತು. ರಾಣಿ ಕ್ಷಮಿಸಿದ್ದು ಹೇಗೆಂದು ಈ ಭೂಮಿಯ ಮೇಲೆ ನನ್ನೊಬ್ಬನಿಗೇ ಗೊತ್ತು. ಆದರೆ ಹಿಂದಿರುಗಿ ನೋಡಿದರೆ ಪ್ಲೇಟು ಅಲ್ಲೇ ಇದೆ. ಅದು ಅತ್ತೆಯದು, ಒಡೆದವನು ನಾನು. ತೆಗೆದುಕೊಂಡು ಹೋದರೆ ಅವಳಿಗೆ ನಾಟಕ ಪೂರ್ತಿಯಾಗುತ್ತದೆ. ನನ್ನನ್ನು ಮತ್ತೆ ಯಾರೂ ಎದ್ದು ನಿಲ್ಲು ಎನ್ನುವುದಿಲ್ಲ. ನನಗೆ ಇದ್ದ ಕೇಳುಗರೆಂದರೆ ಅವಳೊಬ್ಬಳೇ. ಮನಸ್ಸು ಕಲ್ಲು ಮಾಡಿ ತೆಗೆದುಕೊಂಡೆ. ಬಸ್ಸಿನಲ್ಲಿ ಪ್ಲೇಟನ್ನು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ, ಇನ್ನೆಂದೂ ಹೇಳಲಾರದ ಆ ಅರ್ಧ ಗಂಟೆಯನ್ನು ಮನಸ್ಸಿನಲ್ಲೇ ಕೊನೆಯ ಸಲ ಹೇಳಿಕೊಂಡೆ. ಬೆಳದಿಂಗಳು ಬಹಳ ಚೆನ್ನಾಗಿ ಬಿತ್ತು. ಸಂಜೆ ಮನೆ ಮುಟ್ಟಿದಾಗ, "ಗ್ಲಾಸು ಎಲ್ಲಿ?" ಎಂದಳು ಜಾನಕಿ. ಸಾಹೇಬರ ಮೇಜಿನ ಮೇಲೆ ಉಳಿದಿತ್ತು.

ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಮೊದಲಿನಿಂದ ನಾಟಕ ಹಾಕಿದೆ. ಎರಡನೆಯದು ಮುಗಿಯಿತು. ಅತ್ತೆ ಬಾಯಿ ತೆರೆಯುವ ಮೊದಲೇ ಮೂರನೆಯದನ್ನು ಇಟ್ಟೆ. ವಡೆಯ ಜಗಳ ಅರ್ಧವಾಗುವಷ್ಟರಲ್ಲಿ ಅವಳು ಕೈಯೆತ್ತಿದಳು.

"ತೆಗಿ ತಮಾ ಅದ್ನ. ಯಂಗೆ ಬಾಯ್ಪಾಠ ಇದ್ದು."

ನಾನು ಮುಳ್ಳು ಎತ್ತಿದೆ. ಹೌದಲ್ಲ. ನಾನು ಒಡೆಯುವ ಮೊದಲು ಅವಳು ಅದನ್ನು ಕೇಳಿಯೇ ಇರಬೇಕಲ್ಲ. ಈ ಸುಲಭದ ಮಾತು ಇಪ್ಪತ್ತೈದು ವರ್ಷ ನನ್ನ ತಲೆಗೆ ಹೊಳೆದಿರಲಿಲ್ಲ.

"ಆ ಹೆಂಗ್ಸು ನೀರಂಚಿಗೆ ನಿಂತು ಅಳ್ತು, ಇವಕ್ಕೆ ವಡೆ ಜಗಳ. ಅದ್ರ ಸುದ್ದಿ ಕೇಳೋರು ಒಬ್ರೂ ಇಲ್ಲೆ" ಎಂದಳು ಅತ್ತೆ. "ಕೇಳಿ ಕೇಳಿ ಸಾಕಾಗಿತ್ತು. ಅದೊಂದು ಇಲ್ದೇ ಹೋದ್ರೆ ಆ ಜಾಗ ಆದ್ರೂ ಖಾಲಿ ಇರ್ತು ಅನ್ಸ್ತು. ನಿನ್ನ ಮಾವ ತಂದಿದ್ದು, ಕೈಯಾರೆ ಒಡೆಯಲೆ ಮನಸ್ಸು ಬಂಜಿಲ್ಲೆ. ಅದ್ಕೆ ನಿನ್ನ ಚಾಪೆ ಅಡಿಗೆ ಇಟ್ಟೆ."

ಜಾನಕಿ ಒಳಗೆ ಹೋಗಿ ನಕ್ಕಳು. ನನಗೆ ನಗು ಬರಲಿಲ್ಲ.

"ನೀ ಮಾತಾಡಲೆ ಶುರು ಮಾಡಿದ್ಯಲ, ಅದು ಯಂಗೂ ಗೊತ್ತಿತ್ತಿಲ್ಲೆ" ಎಂದು ಅತ್ತೆ ನಶ್ಯದ ಡಬ್ಬಿ ತೆರೆದಳು. "ಹೂಂ, ಎದ್ದು ನಿಂತ್ಕ. ಆ ಹೆಂಗ್ಸು ಕಾಯ್ತಾ ಇದ್ದು."

ಎರಡು ತಿಂಗಳಿಗೆ ಸಂಪಾದಕರ ಕಾಗದ ಬಂತು. ಕತೆ ಚೆನ್ನಾಗಿದೆ, ಆದರೆ ರಾಣಿ ನದಿಯ ಬಳಿ ನಿಲ್ಲುವುದು ದೀರ್ಘವಾಯಿತು, ನಡುವೆ ಒಂದಿಷ್ಟು ಹಾಸ್ಯ ಸೇರಿಸಿದರೆ ಪ್ರಕಟಿಸಬಹುದು ಎಂದಿತ್ತು. ಅತ್ತೆಗೆ ಓದಿ ಹೇಳಿದೆ. "ಅದ್ನೂ ಚಾಪೆ ಅಡಿಗೆ ಇಡು" ಎಂದಳು. ಇಟ್ಟೆ. ಆದರೆ ಮರುದಿನವೇ ಕಚೇರಿಯಲ್ಲಿ ಯಾರಿಗೂ ಕಾಣದಂತೆ ಒಂದು ವಡೆಯ ಜಗಳ ಬರೆದು ಸೇರಿಸಿ ನೋಡಿದೆ. ಚೆನ್ನಾಗಿಯೇ ಬಂದಿದೆ. ಆ ಹಾಳೆಗಳನ್ನು ಅತ್ತೆಯ ಕೈಗೆ ಸಿಗದ ಜಾಗ ನೋಡಿ ಇಟ್ಟಿದ್ದೇನೆ, ಮತ್ತು ಈಗೀಗ ಎಲ್ಲಿ ಕುಳಿತುಕೊಳ್ಳುವುದಿದ್ದರೂ ಮೊದಲು ಚಾಪೆ ಎತ್ತಿ ನೋಡುತ್ತೇನೆ.