ಮಾವ ಎತ್ತಿದ ಒಂದೇ ಚೀಲ

ನಮ್ಮ ಸೋದರಮಾವ ಮೂವತ್ತನಾಲ್ಕು ವರ್ಷಗಳಲ್ಲಿ ಲಕ್ಷಗಟ್ಟಲೆ ಚೀಲ ಭತ್ತ ಎತ್ತಿದ್ದಾರೆ. ಎಲ್ಲವನ್ನೂ ಪೆನ್ನಿನಿಂದ!

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಅವರು ತೂಕದ ಗುಮಾಸ್ತರಾಗಿದ್ದರು. ಹಮಾಲರು ಚೀಲ ತಂದು ಕಾಟಾದ ಮೇಲಿಡಬೇಕು, ಇವರು ಕುರ್ಚಿಯಲ್ಲಿ ಕುಳಿತು ತೂಕ ಬರೆದುಕೊಂಡು "ಲಗೂ ಲಗೂ" ಎಂದು ಅವಸರಪಡಿಸಬೇಕು. ಈ ಲಗೂ ಲಗೂ ಸಂಬಳದಲ್ಲಿ ಸೇರಿತ್ತೋ, ಅಥವಾ ಮಾವ ಅದನ್ನು ಪುಕ್ಕಟೆ ಸೇವೆಯಾಗಿ ಸಲ್ಲಿಸುತ್ತಿದ್ದರೋ ನನಗೆ ಗೊತ್ತಿಲ್ಲ.

ಅವರು ನಿವೃತ್ತರಾದ ದಿನ ನಾನೂ ಅಲ್ಲಿದ್ದೆ. ಹಾರ, ಶಾಲು, ಭಾಷಣ ಎಲ್ಲ ಮುಗಿದ ಮೇಲೆ ಮೌಲಾಸಾಬ ಮುಂದೆ ಬಂದ. ಮಾವ ಕೆಲಸಕ್ಕೆ ಸೇರಿದ ವರ್ಷವೇ ಸೇರಿದ ಹಮಾಲ ಅವನು.

"ಸಾಹೇಬ್ರ, ನಮ್ಮ ಚೀಲ ಭಾಳ ಬರದ್ರಿ. ಹೋಗೂದರಾಗ ಒಂದ್ ಎತ್ತಿ ನೋಡ್ರಿ."

ಎಪ್ಪತ್ತೈದು ಕಿಲೋದ ಭತ್ತದ ಚೀಲ. ಮಾವ ಶಾಲು ತೆಗೆದಿಟ್ಟು ಬಗ್ಗಿದರು. ಚೀಲ ಅಲುಗಲಿಲ್ಲ. ಅಂಗಿಯ ಗುಂಡಿ ಮಾತ್ರ ಹಾರಿ ಮಾಲೀಕರ ಚಹಾದ ಕಪ್ಪಿಗೆ ಬಿತ್ತು. ನಿಜವಾಗಿ ಕಪ್ಪಿಗೇ ಬಿತ್ತೇ? ನನ್ನ ಡೈರಿಯಲ್ಲಿ "ಗುಂಡಿ ಕಿತ್ತುಹೋಯಿತು" ಎಂದಷ್ಟೇ ಇದೆ. ಕಪ್ಪನ್ನು ಆಮೇಲೆ ನಾನೇ ತಂದಿಟ್ಟಿರಬೇಕು. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ಕಣ್ಣಾರೆ ಕಂಡವರನ್ನು ಪೂರ್ತಿ ನಂಬಬೇಡಿ ಎಂದು ಎರಡು ವರ್ಷ ಕಲಿಸಿದರು. ಆ ಪಾಠ ನನಗೂ ಅನ್ವಯಿಸುತ್ತದೆ ಎಂದು ತಿಳಿಯಲು ಇನ್ನೂ ಹತ್ತು ವರ್ಷ ಹಿಡಿಯಿತು.

ಎಲ್ಲರೂ ನಕ್ಕರು. ಮಾವನೂ ನಕ್ಕರು. ಆದರೆ ಮನೆಗೆ ಬಂದವರೇ ಘೋಷಿಸಿದರು: "ಬರೂ ರಂಜಾನ್ ತಿಂಗಳು ಮುಗದ ಮ್ಯಾಲೆ ಮೌಲಾಸಾಬನೂ ಕೆಲಸ ಬಿಡ್ತಾನಂತ. ಅದರೊಳಗ ಒಂದ್ ಚೀಲ ಕಾಟಾದಿಂದ ಲಾರಿತನಕ ಹೊರತೀನಿ. ಅವನ ಕಣ್ಣಮುಂದ."

ಅತ್ತೆ ಒಲೆಯ ಕಡೆಯಿಂದ ಕತ್ತು ತಿರುಗಿಸದೆ ಹೇಳಿದರು: "ಮೊದಲ ಆ ಹೊಟ್ಟಿ ಎಲ್ಲೆರ ಇಳಿಸಿ ಬರ್ರಿ. ಎರಡೆರಡು ಚೀಲ ಒಮ್ಮಿಗೆ ಹೊರಾಕಾಗೂದಿಲ್ಲ."

ಹೊಟ್ಟೆ ಇಳಿಸುವ ದಾರಿ ಮಾವನಿಗೆ ಫೋನಿನಲ್ಲಿ ಸಿಕ್ಕಿತು. ದಿನಕ್ಕೆ ಹದಿನಾರು ತಾಸು ಉಪವಾಸ, ಎಂಟು ತಾಸಿನೊಳಗೆ ಊಟ, ಜೊತೆಗೆ ಭಾರ ಎತ್ತುವುದು. ಕೊಬ್ಬು ಹೋಗುತ್ತದೆ, ಸ್ನಾಯು ಉಳಿಯುತ್ತದೆ. ಡಾಕ್ಟರು ನಿಧಾನವಾಗಿ ಮಾಡಿ ಎಂದು ಒಪ್ಪಿಗೆ ಕೊಟ್ಟರು. ಮಧ್ಯಾಹ್ನ ಹನ್ನೆರಡಕ್ಕೆ ಬಾಯಿ ತೆರೆಯುವುದು, ರಾತ್ರಿ ಎಂಟಕ್ಕೆ ಮುಚ್ಚುವುದು ಎಂದು ನಿಗದಿಯಾಯಿತು. ಇದು ಊಟಕ್ಕೆ ಮಾತ್ರ. ಮಾತಿಗೆ ಅನ್ವಯಿಸಿದ್ದರೆ ಅತ್ತೆ ಹರಕೆ ತೀರಿಸುತ್ತಿದ್ದರು.

ತೂಗುವ ಚಾಳಿ ಬಿಡಬೇಕಲ್ಲ! ಅಡುಗೆಮನೆಗೆ ಸಣ್ಣ ಕಾಟಾ ಬಂತು. ಮೊಳಕೆ ಹೆಸರುಕಾಳು, ಶೇಂಗಾ, ಮೊಸರು ಎಲ್ಲವೂ ತೂಗಿಸಿಕೊಂಡು ನೋಟ್‌ಬುಕ್ಕಿನಲ್ಲಿ ದಾಖಲಾದ ಮೇಲೇ ಮಾವನ ಹೊಟ್ಟೆ ಸೇರುತ್ತಿದ್ದವು. ಒಂದು ದಿನ ತಟ್ಟೆಗೆ ಬಿದ್ದ ರೊಟ್ಟಿಯನ್ನೂ ಎತ್ತಿಕೊಂಡು ಹೋಗಿ ತೂಗಿ ಬಂದರು.

"ಇವತ್ತಿಂದು ಎಪ್ಪತ್ತನಾಕು ಗ್ರಾಂ ಐತಿ. ನಿನ್ನಿದು ಎಪ್ಪತ್ತ ಇತ್ತು."

"ಹೌದೇನ್ರಿ? ನಾಳಿಂದ ನಾಕ್ ಗ್ರಾಂ ಪ್ರೀತಿ ಕಡಿಮಿ ಮಾಡ್ತೀನಿ ತಗೋರಿ," ಎಂದರು ಅತ್ತೆ.

ಭಾರ ಎತ್ತಲು ಮಾವ ಸೇರಿದ ಜಿಮ್ ಇದ್ದದ್ದು ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ. ಮೊದಲ ವಾರವೇ ಮಾವ ಅಲ್ಲಿಗೆ ಮಿಲ್ಲಿನ ಹಳೆಯ ಕಾಟಾ ಹೊರಿಸಿಕೊಂಡು ಹೋಗಿ ಅಲ್ಲಿನ ಕಬ್ಬಿಣವನ್ನೆಲ್ಲ ತೂಗಿದರು. ಹತ್ತು ಕಿಲೋ ಎಂದು ಬರೆದಿದ್ದ ಡಂಬೆಲ್ ಒಂಬತ್ತು ಕಿಲೋ ಎಂಟುನೂರು ಗ್ರಾಂ ಬಂತು. ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳುವ ಸ್ವಭಾವವೇ ಅವರದು? ಕನ್ನಡಿಯ ಮುಂದೆ ತೋಳು ನೋಡಿಕೊಳ್ಳುತ್ತಿದ್ದವರಿಗೆಲ್ಲ ಸಾರಿದರು. ತರಬೇತುದಾರ ಅವರನ್ನು ಮೂಲೆಗೆ ಕರೆದು ಕೈಮುಗಿದ: "ಸರ, ಎರಡನೂರು ಗ್ರಾಂ ಸಲುವಾಗಿ ಎಲ್ಲಾರ ಧೈರ್ಯ ಕಳೀಬ್ಯಾಡ್ರಿ."

ಇನ್ನು ಕಾರಟಗಿಯ ಮದುವೆ. ಸಂಬಂಧಿಕರು ಕೈಹಿಡಿದು ಎಳೆದು ಹನ್ನೊಂದೂವರೆಯ ಪಂಕ್ತಿಗೇ ಮಾವನನ್ನು ಕೂರಿಸಿದರು. ಎಲೆ ತುಂಬ ಬಡಿಸಿದ್ದಾರೆ, ಮಾವ ಗಡಿಯಾರ ನೋಡುತ್ತಿದ್ದಾರೆ. ಮುಂದಿನ ಪಂಕ್ತಿಯವರು ಆಗಲೇ ಬಂದು ಕುರ್ಚಿಗಳ ಬೆನ್ನು ಹಿಡಿದು ನಿಂತಿದ್ದರು.

"ಯಾಕ್ರಿ ಯಜಮಾನ್ರ, ಉಪ್ಪು ಕಡಿಮಿ ಆಗೇತೇನು?" ಎಂದು ಮಾವನ ಬೆನ್ನಿಗೆ ನಿಂತಿದ್ದವರು ಕೇಳಿದರು.

"ಊಟ ಛಲೋ ಐತ್ರಿ. ಟೈಮ್ ಆಗಿಲ್ಲ."

"ನಿಮಗೂ ಮುಹೂರ್ತ ತಗಸ್ಯಾರೇನ್ರಿ?"

ಕೊನೆಗೂ ಹನ್ನೆರಡಾಯಿತು. ಫೋನಿನ ಅಲಾರಾಂ ಹೊಡೆಯಿತು. ಅದನ್ನು ಬಂದ್ ಮಾಡಲು ಮಾವ ಜೇಬಿಗೆ ಕೈಹಾಕಿದರು. ಅಷ್ಟರಲ್ಲಿ ಮೇಜಿನ ಮೇಲೆ ಹಾಸಿದ್ದ ಕಾಗದವನ್ನು ಆ ತುದಿಯಿಂದ ಎಲೆಗಳ ಸಮೇತ ಸುತ್ತಿಕೊಂಡು ಬಂದವರು ಮಾವನ ಹೋಳಿಗೆಯನ್ನೂ ಸುತ್ತಿಕೊಂಡು ಮುಂದೆ ಹೋದರು.

ಇಂಥ ಕಥೆಗಳನ್ನು ನಾನು ನನ್ನೂರು ಕೊಪ್ಪಳದಲ್ಲಿ ಗೆಳತಿಯರಿಗೆ ಹೇಳಿ ನಗಿಸುತ್ತಿದ್ದೆ. ಪ್ರತಿ ಸಲ ಹೇಳುವಾಗಲೂ ಮಾವ ಇನ್ನಷ್ಟು ವಿಚಿತ್ರರಾಗುತ್ತಿದ್ದರು. ತಿಂಗಳಿಂದ ತಿಂಗಳಿಗೆ ಅವರ ಬೆಲ್ಟಿಗೆ ಹೊಸ ತೂತು ಬೀಳುತ್ತಿದ್ದುದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲವಲ್ಲ.

ರಂಜಾನ್ ತಿಂಗಳ ಕೊನೆಯ ವಾರ ಮಾವ ಫೋನ್ ಮಾಡಿದರು. "ನಾಳೆ ಬಾ. ಬರಕೊಳ್ಳಾಕ ಒಬ್ಬರು ಬೇಕು."

ನಾವು ಮಿಲ್ಲಿಗೆ ಹೋದಾಗ ಹನ್ನೊಂದು ಗಂಟೆ. ಮೌಲಾಸಾಬ ಮಾವನನ್ನು ಮೇಲಿಂದ ಕೆಳಗೆ ನೋಡಿದ.

"ಏನ್ ಸಾಹೇಬ್ರ, ಅರ್ಧಾ ಮನಶಾ ಆಗೀರಿ. ಎಷ್ಟ್ ತಾಸ್ ಉಪಾಸ ಇರ್ತೀರಿ?"

"ಹದಿನಾರು. ನೀರು, ಕರೀ ಚಾ ನಡೀತೈತಿ. ಉಪಾಸದಾಗ ಭಾರ ಎತ್ತಬೇಕು. ಹೊಸಾ ಪದ್ಧತಿ."

"ಹೊಸಾದೇನ್ರಿ? ನಮಗ ರೋಜಾದಾಗ ನೀರೂ ಇಲ್ಲ. ಮೂವತ್ತನಾಕು ವರ್ಷ ಇದ ಕಾಟಾದ ಮ್ಯಾಲ ಮಾಡೀನಲ್ಲ. ನೀವ ಬರಕೊಂಡೀರಿ."

ಮೌಲಾಸಾಬನ ಮೈಮೇಲೆ ಒಂದು ಚಿಟಿಕೆ ಕೊಬ್ಬಿರಲಿಲ್ಲ. ಫೋನಿನಲ್ಲಿ ನೋಡಿ ಮಾವ ಆಸೆಪಟ್ಟ ಮೈ ಅದೇ. ಬೆನ್ನು ಮಾತ್ರ ಬಾಗಿಹೋಗಿತ್ತು.

ಇಬ್ಬರು ಹಮಾಲರು ಚೀಲ ಎತ್ತಿ ಹಿಡಿದರು. ಮಾವ ಎದೆಯುಬ್ಬಿಸಿ ನಿಂತರು. ಮೌಲಾಸಾಬ ತನ್ನ ಹೆಗಲ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಅವರ ಕುತ್ತಿಗೆಯ ಹಿಂದೆ ಇಟ್ಟ.

"ಎದಿ ಜಿಮ್ಮಿನಾಗ ಇರ್ಲಿ. ಇಲ್ಲಿ ತಲಿ ಬಗ್ಗಸ್ರಿ."

ಚೀಲ ಬೆನ್ನಿಗೆ ಬಂತು. ಕಾಟಾದಿಂದ ಲಾರಿಗೆ ಹದಿನೆಂಟು ಹೆಜ್ಜೆ. ಮಾವ ಹನ್ನೆರಡನ್ನು ಚೆನ್ನಾಗಿಯೇ ಇಟ್ಟರು. ಹದಿಮೂರಕ್ಕೆ ಚೀಲ ಒಂದು ಬದಿಗೆ ವಾಲಿತು. ಹಿಂದೆಯೇ ಬರುತ್ತಿದ್ದ ಮೌಲಾಸಾಬ ಹೇಳಿದ: "ಸಾವಕಾಶ ಬರ್ರಿ ಸಾಹೇಬ್ರ. ಅವಸರ ಏನಿಲ್ಲ."

ಮಾವ ಲಾರಿ ಮುಟ್ಟಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಕಾಟಾದ ಅಂಚಿಗೆ ಕುಸಿದು ಕುಳಿತರು. ಹನ್ನೆರಡಕ್ಕೆ ಅಲಾರಾಂ ಹೊಡೆದಾಗ ಅದನ್ನು ಬಂದ್ ಮಾಡಿದರು, ತಂದಿದ್ದ ಊಟದ ಡಬ್ಬಿ ತೆಗೆಯಲಿಲ್ಲ. "ಇವತ್ತ ಮೌಲಾಸಾಬನ ಟೈಮಿಗೆ, ಹೊತ್ತು ಮುಣುಗಿದ ಮ್ಯಾಲ ಉಣತೀನಿ," ಎಂದರು.

ಆ ದಿನದ ನನ್ನ ಡೈರಿಯಲ್ಲಿ "ಮಾವ ಒಬ್ಬರೇ ಚೀಲ ಹೊತ್ತರು" ಎಂದಿದೆ. ನೆನಪಿನಲ್ಲಿ ಮಾತ್ರ ಹದಿಮೂರನೆಯ ಹೆಜ್ಜೆಯಿಂದ ಚೀಲದ ಅಡಿಯಲ್ಲೊಂದು ಅಂಗೈ ಕಾಣುತ್ತದೆ. ಅದು ಚೀಲವನ್ನು ಮುಟ್ಟಿತ್ತೇ, ಬರೀ ಹತ್ತಿರವಿತ್ತೇ? ನನ್ನೆರಡು ಸಾಕ್ಷಿಗಳೂ ಒಂದನ್ನೊಂದು ಒಪ್ಪದೆ ಕುಳಿತಿದ್ದವು. ಕೊನೆಗೆ ಮಾವನನ್ನೇ ಕೇಳಿದೆ. ಅವರು ತಮ್ಮ ನೋಟ್‌ಬುಕ್ ತೆಗೆದು ಆ ದಿನದ ಪುಟ ತೋರಿಸಿದರು. ಜೀವಮಾನವಿಡೀ ತೂಕದಲ್ಲಿ ಸುಳ್ಳು ಬರೆಯದ ಅಕ್ಷರ.

"ಚೀಲ ೭೫. ನಾನು ೭೦. ಮೌಲಾಸಾಬ ೫."