ಬೆಳ್ಳಿ ಜಿರಳೆ

ಜಿರಳೆಯ ನಡಿಗೆಯನ್ನು ಕುರಿತು ಆರುಕಾಲಣ್ಣ ಬರೆದ ದಪ್ಪ ಪ್ರಬಂಧವನ್ನು ಯಾರೂ ಪೂರ್ತಿ ಓದಿರಲಿಲ್ಲ. ಅದು ಮೊದಲ ಬಾರಿ ಉಪಯೋಗಕ್ಕೆ ಬಂದದ್ದು ಅವನ ಅತ್ತೆಯ ಕೈಯಲ್ಲಿ. ಅಡುಗೆಮನೆಯ ಬಾಗಿಲಲ್ಲಿ ಸರಸರನೆ ಹರಿಯುತ್ತಿದ್ದ ಜಿರಳೆಯೊಂದರ ಮೇಲೆ ಆಕೆ ಅದನ್ನು ಗುರಿಯಿಟ್ಟು ಬೀಳಿಸಿದರು. ಕರಕ್ ಎಂದ ಸದ್ದಿನ ಹಿಂದೆಯೇ ಒಂದು ಸಣ್ಣ ಸ್ಪ್ರಿಂಗ್ ಹಾರಿ ಅವರ ಕಾಫಿಗೆ ಬಿತ್ತು.

ಅದು ಜಿರಳೆಯಲ್ಲ, ಜಿರಳೆಯಂತೆ ನಡೆಯಲು ಆರುಕಾಲಣ್ಣ ಕಷ್ಟಪಟ್ಟು ಕಟ್ಟಿದ ರೋಬೋಟ್. ಕುಸಿದ ಕಟ್ಟಡಗಳ ಸಂದಿಯಲ್ಲಿ ನುಸುಳಿ, ಒಳಗೆ ಸಿಕ್ಕಿಬಿದ್ದವರನ್ನು ಹುಡುಕಬೇಕಾದ ಯಂತ್ರ. ಅಂದು ಮಧ್ಯಾಹ್ನ ಪ್ರಯೋಗಾಲಯಕ್ಕೆ ಬರಲಿದ್ದ ತಜ್ಞರು ಅದನ್ನು ನೋಡಿ ಹೂಂ ಎಂದರೆ ಅವನ ಕೆಲಸ ಉಳಿಯುತ್ತಿತ್ತು. ಇಲ್ಲವಾದರೆ ತಿಂಗಳ ಕೊನೆಗೆ ಮನೆ. ಕೊನೆಯದಾಗಿ ಒಮ್ಮೆ ಓಡಿಸಿ ನೋಡೋಣವೆಂದು ನೆಲಕ್ಕೆ ಬಿಟ್ಟದ್ದೇ ತಪ್ಪಾಯಿತು.

"ನನಗೇನು ಗೊತ್ತು ಅಳಿಯಂದ್ರೇ? ಥೇಟ್ ಜಿರಳೆ ಥರಾನೇ ಓಡ್ತಿತ್ತು," ಎಂದರು ಅತ್ತೆ, ಸ್ಪ್ರಿಂಗನ್ನು ಚಮಚದಲ್ಲಿ ಎತ್ತಿಕೊಡುತ್ತ. ಅವನ ಮುಖ ನೋಡಿ ಪಾಪವೆನಿಸಿ, ಇನ್ನು ಈ ಮನೆಯಲ್ಲಿ ಓಡಾಡುವ ಯಾವುದರ ಮೇಲೂ ಕೈ ಎತ್ತುವುದಿಲ್ಲವೆಂದು ಮಾತೂ ಕೊಟ್ಟರು.

ಪ್ರಯೋಗಾಲಯದಲ್ಲಿ ಪಕ್ಕದ ಮೇಜಿನವನದು ಚಕ್ರದ ರೋಬೋಟುಗಳ ಕೆಲಸ. ಆರುಕಾಲಣ್ಣ ಎಂಬ ಹೆಸರಿಟ್ಟವನೂ ಅವನೇ. ಆರುಕಾಲಣ್ಣ ಕರವಸ್ತ್ರದಲ್ಲಿ ಕಟ್ಟಿ ತಂದ ರೋಬೋಟಿನ ಪುಡಿಯನ್ನು ನೋಡಿ, ಚಕ್ರ ಹಾಕಿದ್ದರೆ ಅತ್ತೆ ಹೊಡೆಯುತ್ತಿರಲಿಲ್ಲವೆಂದು ಸಮಾಧಾನ ಹೇಳಿದ. ಆಮೇಲೆ ಅವನ ಕಣ್ಣು ಗಾಜಿನ ಪೆಟ್ಟಿಗೆಯಲ್ಲಿದ್ದ ನಿಜವಾದ ಜಿರಳೆಯತ್ತ ಹೋಯಿತು; ನಡಿಗೆ ತಿಳಿಯಲೆಂದು ಆರುಕಾಲಣ್ಣ ದಿನವೂ ವಿಡಿಯೋ ತೆಗೆಯುತ್ತಿದ್ದದ್ದು ಅದರದ್ದೇ.

"ಇದಕ್ಕೇ ಬೆಳ್ಳಿ ಬಣ್ಣ ಬಳಿಯೋ. ನಿನ್ನ ರೋಬೋಟ್ ಇದರ ಹಾಗೇ ತಾನೇ ನಡೆಯೋದು? ಯಾರಿಗೆ ಗೊತ್ತಾಗುತ್ತೆ?"

ಆರುಕಾಲಣ್ಣ ನೀತಿ, ನಿಯತ್ತು ಎಂದೆಲ್ಲ ಗೊಣಗಿದ. ಗೊಣಗುತ್ತಲೇ ಹೆಂಡತಿಗೆ ಫೋನ್ ಮಾಡಿ ಅವಳ ಬೆಳ್ಳಿ ಬಣ್ಣದ ನೇಲ್ ಪಾಲಿಶ್ ತರಿಸಿಕೊಂಡ. ಮದುವೆಗೆ ಹೊರಟ ಹುಡುಗಿಯಂತೆ ಜಿರಳೆ ಕಾಲುಗಳನ್ನು ಚಾಚಿ ಬಳಿಸಿಕೊಂಡಿತು. ಬೆನ್ನಿಗೊಂದು ತಂತಿಯ ಎಳೆ ಅಂಟಿಸಿದ ಮೇಲೆ ಅದಕ್ಕೊಂದು ಯಂತ್ರದ ಗತ್ತೂ ಬಂತು.

ತಜ್ಞರು ಬಂದರು. ಆರುಕಾಲಣ್ಣ ರಿಮೋಟಿನ ಗುಂಡಿ ಒತ್ತಿ ಡಬ್ಬಿಯ ಮುಚ್ಚಳ ತೆಗೆದ. ಬೆಳ್ಳಿ ಜಿರಳೆ ಮೂರು ಕಾಲು ಊರಿ ಮೂರು ಕಾಲು ಎತ್ತುತ್ತ ಮೇಜಿನ ಮೇಲೆ ಲಕ್ಷಣವಾಗಿ ಓಡಿತು. ಎಡಕ್ಕೆ ತಿರುಗಿಸಿ ಎಂದರೆ ಬಲಕ್ಕೆ ಹೋಯಿತು. ಎದುರಿನಿಂದ ನೋಡಿದರೆ ಅದೇ ಎಡ ಎಂದು ಪಕ್ಕದ ಮೇಜಿನವನು ಸಮಜಾಯಿಷಿ ಕೊಟ್ಟ. ನಿಲ್ಲಿಸಿ ಎಂದರೆ ನಿಲ್ಲಲೇ ಇಲ್ಲ. ಕೊನೆಗೆ ಬಿಸ್ಕತ್ತಿನ ತಟ್ಟೆ ಸಿಕ್ಕಾಗ ತಾನಾಗಿ ನಿಂತು ಮೀಸೆಯಾಡಿಸಿತು. ಆರುಕಾಲಣ್ಣ ತಕ್ಷಣ ಗುಂಡಿ ಒತ್ತಿ ಬೆವರು ಒರೆಸಿಕೊಂಡ.

ತಜ್ಞರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಬಹಳ ಹೊತ್ತು ಬಾಗಿ ನೋಡಿದರು.

"ಕೈಕೆಲಸ ಚೆನ್ನಾಗಿದೆ. ಆದ್ರೆ ನಡಿಗೆ ಸಹಜವಾಗಿಲ್ಲ," ಎಂದರು. "ನಾನು ಜೀವಮಾನವೆಲ್ಲ ಕೀಟಗಳನ್ನೇ ನೋಡಿದವನು. ಜಿರಳೆ ಹೀಗೆ ನಡೆಯೋದೇ ಇಲ್ಲ. ನೀವು ಒಂದಾದ್ರೂ ಜೀವಂತ ಜಿರಳೆ ನೋಡಿದ್ದೀರಾ?"

ಹೌದೆನ್ನಲು ಬಾಯಿ ತೆರೆದ ಆರುಕಾಲಣ್ಣ ಹಾಗೆಯೇ ಮುಚ್ಚಿಕೊಂಡ. ನಿಜ ಹೇಳಿದರೆ ಮೋಸಗಾರ, ಸುಮ್ಮನಿದ್ದರೆ ದಡ್ಡ. ಸುಮ್ಮನಿದ್ದ. ತಿಂಗಳು ಮುಗಿಯುವುದರೊಳಗೆ ಜಿರಳೆಯ ಹಾಗೆ ನಡೆಯುವುದೊಂದನ್ನು ತೋರಿಸಿ, ಆಮೇಲೆ ಕೆಲಸದ ಮಾತು ಎಂದು ಹೇಳಿ ತಜ್ಞರು ಎದ್ದುಹೋದರು. ಅಷ್ಟರಲ್ಲಿ ಬಿಸ್ಕತ್ತು ಅರ್ಧ ಮುಗಿದಿತ್ತು.

ಸಂಜೆ ಮನೆಗೆ ಬಂದವನ ಕೈಗೆ ಅತ್ತೆ ಒಂದು ಡಬ್ಬಿ ಇಟ್ಟರು. ಒಳಗಿನಿಂದ ಸರಪರ ಸದ್ದು ಬರುತ್ತಿತ್ತು.

"ಯೋಚ್ನೆ ಮಾಡ್ಬೇಡಿ ಅಳಿಯಂದ್ರೇ. ನಿಮ್ಮ ಮಿಷನ್ನುಗಳು ಸಿಂಕಿನ ಕೆಳಗೆ ಇನ್ನೂ ಬೇಕಾದಷ್ಟು ಓಡಾಡ್ತಿದ್ವು. ಒಂದಕ್ಕೂ ಪೆಟ್ಟಾಗದ ಹಾಗೆ ಹಿಡಿದು ಹಾಕಿದ್ದೀನಿ."

ಆರುಕಾಲಣ್ಣ ಮುಚ್ಚಳವನ್ನು ತುಸು ಸರಿಸಿ ಒಳಗೆ ಇಣುಕಿದ. ಅತ್ತೆ ಅವನಿಗೆ ಬೇಜಾರಾಗಬಾರದೆಂದು ದನಿ ತಗ್ಗಿಸಿ ಹೇಳಿದರು:

"ಒಂದೇ ಮಾತು. ಬೆಳಿಗ್ಗೆ ನಾನು ಹೊಡೆದದ್ದು ಥೇಟ್ ಜಿರಳೆ ಹಾಗಿತ್ತು. ಇವು ಯಾಕೋ ಅಷ್ಟು ಚೆನ್ನಾಗಿ ಬಂದಿಲ್ಲ."