ಶೇವಂತಾಬಾಯಿಯ ಬಲಗಾಲು

ಇಡೀ ರಾದ್ಧಾಂತಕ್ಕೆ ಕಾರಣ ಒಂದು ಗುಂಡುಸೂಜಿ. ಅದೂ ರಾಜರತ್ನನದಲ್ಲ, ಪಕ್ಕದ ದರ್ಜಿ ಹಬೀಬನ ಅಂಗಡಿಯದು. ಅದು ಚುಚ್ಚಿದ್ದು ಮನುಷ್ಯರ ಕಾಲಿಗೂ ಅಲ್ಲ, ಗೇಣುದ್ದದ ಒಂದು ಗೊಂಬೆಯ ಬಲಪಾದಕ್ಕೆ. ಆದರೆ ಬೀದರದ ಆ ಗಲ್ಲಿಯಲ್ಲಿ ಒಬ್ಬರ ಮನೆಯ ಸೂಜಿ ಇನ್ನೊಬ್ಬರಿಗೆ ಚುಚ್ಚದೆ ಉಳಿದ ಉದಾಹರಣೆ ಇಲ್ಲ.

ರಾಜರತ್ನ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ ಮಾಡುವವನು. ಅಲ್ಲಿ ಎಸೆಯುವ ಥರ್ಮಾಕೋಲು, ರಟ್ಟು, ತಂತಿ ಎಲ್ಲ ಒಂದು ವರ್ಷದಿಂದ ಅವನ ಮನೆಗೆ ಬರುತ್ತಿದ್ದವು. ನಡುಮನೆಯ ಮಂಚ ಅಂಗಳಕ್ಕೆ ಹೋಗಿ ಅದರ ಜಾಗದಲ್ಲಿ ಒಂದು ಪುಟ್ಟ ಊರು ಎದ್ದಿತ್ತು. ಮೂರು ದಾರಿ ಕೂಡುವ ಜಾಗ, ಒಂದು ಬೇವಿನ ಮರ, ಕೆಂಪುಕಲ್ಲಿನ ಮನೆ, ಮನೆಗೆ ಮೆಟ್ಟಿಲು. ಔಷಧಿ ಬಾಟಲಿಯ ಮುಚ್ಚಳ ಆ ಊರಿನ ಬಕೆಟ್ಟು. ಹಳದಿ ಬಣ್ಣ ಹಚ್ಚಿದ ಕಡಲೆಕಾಳು ಆ ಊರಿನ ನಿಂಬೆಹಣ್ಣು. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಇನ್ನೊಂದು ಫೋಟೊ. ಹೀಗೆ ತೆಗೆದದ್ದನ್ನೆಲ್ಲ ಒಂದರ ಹಿಂದೊಂದು ಓಡಿಸಿದರೆ ಗೊಂಬೆ ತಾನೇ ನಡೆದಂತೆ ಕಾಣುತ್ತದೆ. ಎರಡು ನಿಮಿಷದ ಸಿನಿಮಾಕ್ಕೆ ವರ್ಷವೇ ಹಿಡಿದಿತ್ತು.

ಕತೆ ಸಣ್ಣದು. ಯಾರೋ ಮಂತ್ರಿಸಿ ಮೂರು ದಾರಿ ಕೂಡುವಲ್ಲಿ ಇಟ್ಟ ನಿಂಬೆಹಣ್ಣನ್ನು ದಾಟಲು ಊರೆಲ್ಲ ಹೆದರುತ್ತದೆ. ಒಬ್ಬ ಮುದುಕಿ ಬಂದು ಅದನ್ನು ಸೆರಗಿಗೆ ಕಟ್ಟಿಕೊಂಡು, ಮೆಟ್ಟಿಲು ಹತ್ತಿ ಮನೆಗೆ ಹೋಗಿ, ಶರಬತ್ತು ಮಾಡಿ ಮಕ್ಕಳಿಗೆ ಕುಡಿಸುತ್ತಾಳೆ. ಅಜ್ಜನ ಕಾಲದಿಂದ ಬಾಗಿಲಿಗೆ ನಿಂಬೆಹಣ್ಣು ಕಟ್ಟದ ಮನೆತನ ರಾಜರತ್ನನದು. ಭಾಲ್ಕಿಯ ವೈಚಾರಿಕ ಬಳಗದವರು ಮೂಢನಂಬಿಕೆಯ ವಿರುದ್ಧ ಕಿರುಚಿತ್ರ ಸ್ಪರ್ಧೆ ಇಟ್ಟಾಗ, ಇದು ತನಗಾಗಿಯೇ ಇಟ್ಟದ್ದು ಎಂದುಕೊಂಡಿದ್ದ. ಗೆದ್ದ ಚಿತ್ರವನ್ನು ಬೀದರ, ಭಾಲ್ಕಿ, ಔರಾದದ ಶಾಲೆಗಳಲ್ಲೆಲ್ಲ ತೋರಿಸುತ್ತಾರಂತೆ. ತನ್ನ ಮುದುಕಿಯನ್ನು ಅಷ್ಟೂ ಮಕ್ಕಳು ನೋಡಬೇಕು, ನೋಡಿ ನಗಬೇಕು, ಅದೊಂದೇ ಅವನ ಆಸೆ. ಚಿತ್ರ ಕಳಿಸಲು ಇವತ್ತು ಸಂಜೆಯೇ ಕೊನೆ. ಉಳಿದದ್ದು ಮುದುಕಿ ಮೆಟ್ಟಿಲು ಹತ್ತುವ ದೃಶ್ಯ. ಅದಕ್ಕಾಗಿಯೇ ರಜೆ ಹಾಕಿ ಕೂತಿದ್ದ.

ಮೆಟ್ಟಿಲು ಹತ್ತುವಾಗ ಒಂದು ಕಾಲು ಗಾಳಿಯಲ್ಲಿರುತ್ತದಲ್ಲ, ಆಗ ಗೊಂಬೆ ಮುಗ್ಗರಿಸಬಾರದೆಂದು ಊರಿದ ಪಾದಕ್ಕೆ ಗುಂಡುಸೂಜಿ ಚುಚ್ಚಿ ಥರ್ಮಾಕೋಲಿಗೆ ಬಿಗಿಯಬೇಕು. ಆ ಕಾಲು ಎತ್ತುವ ಹೊತ್ತಿಗೆ ಸೂಜಿ ಕಿತ್ತು ಈ ಕಾಲಿಗೆ ಚುಚ್ಚಬೇಕು. ಬಲಪಾದದ ಸೂಜಿ ಕೀಳಲು ರಾಜರತ್ನ ಕೈ ಚಾಚಿದ್ದ. ಅಷ್ಟರಲ್ಲಿ ಎದುರುಮನೆಯ ಶೇವಂತಾಬಾಯಿ ಕುಂಟುತ್ತ ಒಳಗೆ ಬಂದಳು.

“ಮನಿಷಾ, ಕಾಲಿಗಿ ಹಚ್ಚಾಕ ಏನಾರ ಅದ ಏನವ್ವ? ಮುಂಜಾನಿಯಿಂದ ಬಲಗಾಲು ನೆಲಕ್ಕ ಇಡಾಕ ಬರವಲ್ದು,” ಎಂದವಳು ಅಲ್ಲೇ ನಿಂತಳು. ಹಿಂದಿನ ದಿನ ಸಂತಪುರದ ಲಗ್ನಕ್ಕೆ ಹೋಗಿ, ಸೀಟು ಸಿಗದೆ ಬಸ್ಸಿನಲ್ಲಿ ಬೀದರದವರೆಗೂ ನಿಂತೇ ಬಂದದ್ದನ್ನು ಅವಳು ಮರೆತಿದ್ದಳು. ಈಗ ಅವಳ ಕಣ್ಣು ಗೊಂಬೆಯ ಮೇಲಿತ್ತು.

“ಇದು ನನ್ನ ಹಸಿರು ಸೀರಿ ಅಲ್ಲೇನು?”

ಹೌದು. ಹರಿದ ಸೀರೆಯ ಸೆರಗನ್ನು ರಾಜರತ್ನನ ಹೆಂಡತಿ ಮನಿಷಾ ತಾನೇ ಕೇಳಿ ತಂದಿದ್ದಳು.

“ಈ ಕೂದಲ?”

ಅದೂ ಅವಳದೇ. ಬಾಚಣಿಗೆಗೆ ಬಂದ ಬಿಳಿಗೂದಲನ್ನು ಉಂಡೆ ಮಾಡಿ, ಕೂದಲು ಕೊಳ್ಳುವವರು ಬಂದಾಗ ಸ್ಟೀಲಿನ ಬಟ್ಟಲಿಗೆ ಬದಲಿಸಿಕೊಳ್ಳಲೆಂದು ಶೇವಂತಾಬಾಯಿ ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳು. ಹೋದ ವರ್ಷ ಅವರು ಕೊಡುವುದಕ್ಕಿಂತ ದೊಡ್ಡ ಬಟ್ಟಲು ಕೊಟ್ಟು ಮನಿಷಾ ಆ ಉಂಡೆ ತಂದಿದ್ದಳು. ಗೊಂಬೆ ಮುದುಕಿಯ ತಲೆಗೆ ಅಂಥ ಕೂದಲು ಯಾವ ಅಂಗಡಿಯಲ್ಲೂ ಸಿಗುವಂತಿರಲಿಲ್ಲ.

ಶೇವಂತಾಬಾಯಿ ಬಗ್ಗಿ ಗೊಂಬೆಯ ಬಲಗಾಲು ನೋಡಿದಳು. ಆಮೇಲೆ ತನ್ನ ಬಲಗಾಲು ನೋಡಿಕೊಂಡಳು.

“ನನ್ನ ಸೀರಿ, ನನ್ನ ಕೂದಲ, ನನ್ನ ಕಾಲಿಗಿ ಸೂಜಿ. ಭಾನಾಮತಿ ಮಾಡ್ಯಾನ. ಏ ಬರ್ರಿ ಎಲ್ಲಾರೂ, ನನ್ನ ಮ್ಯಾಲ ಭಾನಾಮತಿ ಮಾಡ್ಯಾನ ಇಂವ.”

ಭಾನಾಮತಿ ಎಂಬ ಮಾಟದ ಹೆಸರು ಕೇಳಿದರೆ ಆ ಗಲ್ಲಿಯಲ್ಲಿ ಒಲೆಯ ಮೇಲಿನ ಹಾಲನ್ನೂ ಬಿಟ್ಟು ಜನ ಬರುತ್ತಾರೆ. ಬಂದರು. ಅಂಗಳದ ಮಂಚ ಮುರಿಯುವಷ್ಟು ಜನ ಅದರ ಮೇಲೆ ಹತ್ತಿ ಕಿಟಕಿಯಲ್ಲಿ ಇಣುಕಿದರು. ಹಬೀಬ ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿಬಂದ. ರಾಜರತ್ನನ ಪರವಾಗಿ ಮಾತಾಡಬೇಕೆಂಬುದು ಅವನ ಪ್ರಾಮಾಣಿಕ ಉದ್ದೇಶ.

“ಅರೆ ಕಾಕಿ, ಜಾದೂ ಇಲ್ಲ, ಗೀದೂ ಇಲ್ಲ. ಗೊಂಬಿ ಕುಪ್ಪಸ ನಾನೇ ಹೊಲ್ದೀನಿ. ಯಾರದ ಅಳತಿ ಹಿಡೀಲಿ ಅಂತ ವಿಚಾರ ಮಾಡ್ದೆ, ನಿಮ್ದು ಬಾಯಿಪಾಠ ಇತ್ತು. ಅದನ್ನೇ ಛೋಟಾ ಮಾಡ್ಕೊಂಡು ಕತ್ತರಿಸ್ದೆ ನೋಡ್ರಿ.”

“ಅಳತಿನೂ ನಂದೇ,” ಎಂದು ಶೇವಂತಾಬಾಯಿ ನೆಲಕ್ಕೆ ಕೂತಳು. ಹಬೀಬ ಕೊರಳಿನ ಟೇಪು ತೆಗೆದು ಬೆನ್ನ ಹಿಂದೆ ಅಡಗಿಸಿದ.

“ಮೊದಲ ಆ ಸೂಜಿ ತೆಗಿ,” ಎಂದಳು ಶೇವಂತಾಬಾಯಿ. “ತೆಗೀರಿ, ತೆಗೀರಿ,” ಎಂದಿತು ಕಿಟಕಿ.

ರಾಜರತ್ನನ ಬೆರಳು ಸೂಜಿಯ ಮೇಲೇ ಇತ್ತು. ಮುಂದಿನ ಫೋಟೊಕ್ಕೆ ಅದನ್ನು ತೆಗೆಯಲೇಬೇಕಿತ್ತು. ಆದರೆ ಈಗ ತೆಗೆದರೆ ಹೆದರಿ ತೆಗೆದ ಎಂದಾಗುತ್ತದೆ, ಭಾನಾಮತಿ ಇದೆ ಎಂದು ಒಪ್ಪಿದಂತಾಗುತ್ತದೆ. ತೆಗೆಯದಿದ್ದರೆ ಮುದುಕಿ ಅದೇ ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತಿರುತ್ತಾಳೆ, ಸಂಜೆ ಕಳೆದುಹೋಗುತ್ತದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡ.

“ತೆಗಿಯಲ್ರಿ,” ಎಂದ. “ನೀವು ಹೇಳಿದ್ರಂತ ತೆಗದ್ರ ನಾ ಈ ಸಿನಿಮಾ ಮಾಡಿದ್ದು ಯಾತಕ್ಕ? ಹಾಳಾದ್ರೂ ಆಗ್ಲಿ, ಕೂಡ್ರಿ ನೀವೂ, ನಾನೂ ಕೂಡ್ತೇನಿ.”

ಕೂತರು. ಅವನು ಗೊಂಬೆಯ ಈ ಕಡೆ, ಶೇವಂತಾಬಾಯಿ ಆ ಕಡೆ. ಮನಿಷಾ ಎಲ್ಲರಿಗೂ ಚಹಾ ತಂದಳು. ಶೇವಂತಾಬಾಯಿಗೆ ಚಹಾದ ಜೊತೆ ಒಂದು ನೋವಿನ ಗುಳಿಗೆ ನುಂಗಿಸಿದಳು. ಗಂಡನ ಕಿವಿಯಲ್ಲಿ, “ಹ್ಯಾಂಗೂ ತೆಗೀಬೇಕಲ್ರಿ, ತೆಗದ್ ಬಿಡ್ರಿ,” ಎಂದಳು. ಅವನು ಬೇರೆ ಕಡೆ ಮುಖ ತಿರುಗಿಸಿದ. ನಿಜವಾಗಿ ಅವನಿಗೆ ಅಳುವೇ ಬಂದಿತ್ತು. ಕೊನೆಗೆ, ಒಂದು ತಾಸು ಕಳೆದ ಮೇಲೆ, ವೈಚಾರಿಕ ಬಳಗದ ಕಾರ್ಯದರ್ಶಿ ಗೋರಖನಾಥ ಸರ್‌ಗೆ ಫೋನು ಮಾಡಿದ. ಸ್ಪರ್ಧೆಯ ತೀರ್ಪು ಕೊಡುವವರೂ ಅವರೇ. “ಇಂಥಾದ್ದಕ್ಕೇ ನಾವಿರೋದು, ಈಗೇ ಭಾಲ್ಕಿ ಬಿಡ್ತೇನಿ,” ಎಂದರು ಅವರು.

ಆ ಮಾತು ಕೇಳಿ ರಾಜರತ್ನನ ಎದೆಗೆ ಬಲ ಬಂತು. ಎದ್ದು ನಿಂತ.

“ಕೇಳ್ರಿ ಎಲ್ಲಾರೂ. ಈಗ ನಾ ಸೂಜಿ ತೆಗೀತೇನಿ. ನಿಮ್ಮ ಮಾತಿಗಲ್ಲ, ನನ್ನ ಮುಂದಿನ ಫೋಟೊಕ್ಕ.”

ಕಿತ್ತ. ಶೇವಂತಾಬಾಯಿ ಮೆಲ್ಲಗೆ ಎದ್ದಳು, ಬಲಗಾಲು ಊರಿದಳು, ಎರಡು ಹೆಜ್ಜೆ ಹಾಕಿದಳು. ಗುಳಿಗೆ ತನ್ನ ಕೆಲಸ ಮಾಡಿತ್ತು. “ಗುಳಿಗಿ ನಾ ಕೊಟ್ಟೇನ್ರಿ,” ಎಂದು ಮನಿಷಾ ಕೂಗಿ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ರಾಜರತ್ನ ಅದೇ ಸೂಜಿಯನ್ನು ಗೊಂಬೆಯ ಎಡಪಾದಕ್ಕೆ ಚುಚ್ಚಿದ. ಶೇವಂತಾಬಾಯಿ ಎಡಗಾಲು ಹಿಡಿದುಕೊಂಡು ಕೂತಳು.

“ಈ ಕಾಲಿಗಿ ಬಂತು,” ಎಂದಿತು ಕಿಟಕಿ.

ಆಮೇಲೆ ರಾಜರತ್ನ ಯಾರ ಮುಖವನ್ನೂ ನೋಡಲಿಲ್ಲ. ಹಲ್ಲು ಕಚ್ಚಿ ಫೋಟೊ ತೆಗೆದ, ಸೂಜಿ ಕಿತ್ತ, ಚುಚ್ಚಿದ. ಮುದುಕಿ ಒಂದೊಂದು ಮೆಟ್ಟಿಲು ಹತ್ತಿದಂತೆ ಶೇವಂತಾಬಾಯಿ ಒಂದೊಂದು ಕಾಲು ಬದಲಿಸಿದಳು. ಬೈಗುಳ ನಡೆದೇ ಇತ್ತು. ಮಧ್ಯಾಹ್ನದ ಊಟಕ್ಕೆ ಹೋದವರು ಕೈ ತೊಳೆದು ತಮ್ಮ ತಮ್ಮ ಜಾಗಕ್ಕೆ ವಾಪಸು ಬಂದರು. ಅಷ್ಟೆಲ್ಲ ಕಣ್ಣುಗಳ ಮುಂದೆ, ಅಷ್ಟೆಲ್ಲ ಶಾಪದ ನಡುವೆ, ಮುದುಕಿ ಕೊನೆಯ ಮೆಟ್ಟಿಲು ಹತ್ತಿ ಬಾಗಿಲು ದಾಟಿದಳು. ಜೀವನದಲ್ಲಿ ಯಾವ ಕೆಲಸ ಮುಗಿದಾಗಲೂ ರಾಜರತ್ನನಿಗೆ ಅಷ್ಟು ಸಂತೋಷ ಆಗಿರಲಿಲ್ಲ.

ಆಗ ಗೋರಖನಾಥ ಸರ್ ಬಂದರು. ಹೆಗಲಿಗೆ ಜುಬ್ಬಾದ ಬಣ್ಣದ್ದೇ ಚೀಲ, ದೊಡ್ಡ ಕನ್ನಡಕ, ಮೈಕಿನ ಹಂಗಿಲ್ಲದ ಗಂಟಲು. ವಿಷಯ ಕೇಳಿದವರೇ ಶೇವಂತಾಬಾಯಿಯನ್ನು ಗೊಂಬೆ ಕಾಣದಂತೆ ಹೊರಗೆ ಕೂಡಿಸಿದರು.

“ರಾಜರತ್ನ, ಒಂದು ಕಾಲಿಗಿ ಚುಚ್ರಿ. ಬಾಯಿಯವ್ರೇ, ಯಾವ ಕಾಲು ನೋಯ್ತದ ಹೇಳ್ರಿ.”

“ಎಡಗಾಲ್ರಿ,” ಎಂದಿತು ಹೊರಗಿನಿಂದ. ಒಳಗೆ ಸೂಜಿ ಬಲಗಾಲಿಗಿತ್ತು. ಇನ್ನೊಮ್ಮೆ ಕೇಳಿದರು. ಆಗ ಅವಳಿಗೆ ಎರಡೂ ಕಾಲು ನೋಯುತ್ತಿತ್ತು, ಸೂಜಿ ಮಾತ್ರ ಹಬೀಬನ ಕೈಯಲ್ಲಿತ್ತು. ಗಲ್ಲಿಯೆಲ್ಲ ನಕ್ಕಿತು. ಭಾನಾಮತಿ ಎಂಬುದು ಕಾಲಿನಲ್ಲಿಲ್ಲ, ತಲೆಯಲ್ಲಿದೆ ಎಂದು ಸರ್ ಅರ್ಧ ತಾಸು ಭಾಷಣ ಮಾಡಿದರು. ಶೇವಂತಾಬಾಯಿ, “ಹಂಗಾರ ನನ್ನ ಸೀರಿ ತುಂಡು ವಾಪಸ್ ಕೊಡಲಿ,” ಎಂದು ಗೊಣಗಿ ಎರಡೂ ಕಾಲಿನ ಮೇಲೆ ನೆಟ್ಟಗೆ ನಡೆದುಹೋದಳು.

ಮಂದಿ ಚದುರಿದರು. ಸರ್ ಲ್ಯಾಪ್‌ಟಾಪಿನಲ್ಲಿ ಸಿನಿಮಾ ಎರಡು ಸಲ ನೋಡಿದರು. “ಇದೇ ಗೆಲ್ತದ. ಎಲ್ಲಾ ಸಾಲಿಗಳಿಗೂ ಇದೇ ಹೋಗ್ತದ,” ಎಂದರು. ರಾಜರತ್ನನ ಕಣ್ಣು ತುಂಬಿಬಂತು.

ಸರ್ ಎದ್ದು ಬಾಗಿಲು ಹಾಕಿದರು. ಅವರ ದನಿ ಮೊದಲ ಬಾರಿಗೆ ಇಳಿಯಿತು.

“ಒಂದ್ ಮಾತು ರಾಜರತ್ನ. ಮೊದಲ ಸಲ ಸೂಜಿ ತೆಗದಾಗ ಆಕಿ ಖರೇನೇ ಎದ್ದು ನಡದಳೇನು?”

“ಗುಳಿಗಿದು ಗುಣಾರಿ ಅದು.”

“ಇರಲಿ. ನಮ್ಮ ಬಳಗದ ಅಧ್ಯಕ್ಷ ಅದಾನಲ್ಲ, ಔರಾದದಾಂವ. ಬರೋ ಆದಿತ್ಯವಾರ ಚುನಾವಣಿ ಅದ, ನಾ ಅವನ ಎದುರು ನಿಂತೇನಿ. ಭಾಷಣಕ್ಕ ನಿಂತ್ರ ಮಂದಿನೆಲ್ಲ ಎಳಕೊಂಡು ಹೋಗ್ತಾನ.” ಚೀಲದಿಂದ ಒಂದು ಕರವಸ್ತ್ರ ತೆಗೆದು ಮೇಜಿನ ಮೇಲೆ ಇಟ್ಟರು. “ಅವಂದೇ ಇದು. ಕೂದಲ ಸಿಗಲಿಲ್ಲ, ತಲಿ ಬೋಳು. ಒಂದು ಗೊಂಬಿ ಮಾಡಿ ನಾಲಿಗಿಗಿ ಒಂದು ಸೂಜಿ ಚುಚ್ಚಿ ಇಡ್ರಿ. ಆದಿತ್ಯವಾರ ತನಕ ಅಷ್ಟೇ.”

ರಾಜರತ್ನ ಕರವಸ್ತ್ರ ಮುಟ್ಟಲಿಲ್ಲ. “ಸರ್, ನೀವು ಇದನ್ನ ನಂಬ್ತೀರಾ?”

“ಛೇ ಛೇ, ನಾ ಹ್ಯಾಂಗ ನಂಬ್ತೇನಿ? ವಿಜ್ಞಾನ ಅಂದ್ರ ಪ್ರಯೋಗ. ಒಂದು ಪ್ರಯೋಗ ಮಾಡಿ ನೋಡೋಣ ಅಂತೇನಿ.”

“ನಾ ಮಾಡಲ್ರಿ,” ಎಂದ ರಾಜರತ್ನ. “ಮುಂಜಾನಿಯಿಂದ ಇಡೀ ಗಲ್ಲಿ ಹೆದರಿಸಿದ್ರೂ ಬಗ್ಗಲಿಲ್ಲ ನಾ. ನೀವು ಹೇಳಿದ್ರೂ ಬಗ್ಗಲ್ಲ. ಈ ಕರವಸ್ತ್ರ ಒಯ್ಯಿರಿ.”

ಸರ್ ಕರವಸ್ತ್ರ ಮಡಚಿ ಚೀಲಕ್ಕೆ ಹಾಕಿದರು. ಕನ್ನಡಕ ಒರೆಸಿದರು. ದನಿ ಮತ್ತೆ ಮೈಕಿನ ಮಟ್ಟಕ್ಕೆ ಏರಿತು.

“ಹಂಗಾರ ತೀರ್ಪುಗಾರನಾಗಿ ಹೇಳ್ತೇನಿ ಕೇಳ್ರಿ. ನಿಮ್ಮ ಈ ಗೊಂಬಿಯಿಂದ ಇವತ್ತು ಒಂದು ಇಡೀ ಗಲ್ಲಿ ಭಾನಾಮತಿ ನಂಬ್ತು. ನಾ ಕಣ್ಣಾರೆ ನೋಡೀನಿ. ಮೂಢನಂಬಿಕಿ ಹರಡೋ ಚಿತ್ರ ಮಕ್ಕಳಿಗಿ ಹ್ಯಾಂಗ ತೋರಸ್ಲಿ? ಇದು ಸ್ಪರ್ಧಾದಿಂದ ಹೊರಗ.”

ಅವರ ಬೈಕಿನ ಸದ್ದು ಗಲ್ಲಿ ದಾಟಿ ದೂರವಾಯಿತು.

ದೀಪ ಹಚ್ಚುವ ಹೊತ್ತಿಗೆ ಮನಿಷಾ ಬಂದು ನೋಡಿದಾಗ ರಾಜರತ್ನ ತಂತಿ ಬಗ್ಗಿಸುತ್ತ ಕೂತಿದ್ದ. ಪುಟ್ಟ ಊರಿನ ಮೂರು ದಾರಿ ಕೂಡುವಲ್ಲಿ ಒಬ್ಬ ಹೊಸಬ ನಿಂತಿದ್ದ. ಮೈಮೇಲೆ ಜುಬ್ಬಾ, ಹೆಗಲಿಗೆ ಚೀಲ, ದೊಡ್ಡ ಕನ್ನಡಕ.

“ಸೋತೆ ಅಂದ್ಕೊಂಡಾರ ಅವರು,” ಎಂದ ರಾಜರತ್ನ. “ಮುಂದಿನ ಸಿನಿಮಾ ಶುರು ಮಾಡೀನಿ.”

ಮನಿಷಾ ಹೊಸಬನನ್ನು ಹತ್ತಿರದಿಂದ ನೋಡಿದಳು.

“ಗೊಂಬಿ ಬೀಳಬಾರದು ಅಂತ ಸೂಜಿ ಪಾದಕ್ಕ ಅಲ್ಲೇನ್ರಿ ಚುಚ್ಚೋದು? ಇದು ನಾಲಿಗಿಗಿ ಯಾಕ ಅದ?”

ರಾಜರತ್ನ ಬಾಗಿಲ ಕಡೆ ನೋಡಿದ. ಹಬೀಬನ ಅಂಗಡಿ ಇನ್ನೂ ತೆರೆದಿದ್ದರೆ ಇದಕ್ಕಿಂತ ಉದ್ದನೆಯ ಸೂಜಿ ಒಂದು ತರಬೇಕಿತ್ತು ಎಂದ.